ದೂರದ ಟಿವಿ ಸಂಕೇತ: ಪಠ್ಯದ ಸೂತ್ರ ಬಿಟ್ಟದ್ದೇನು?

ಎನ್‌ಸಿಇಆರ್‌ಟಿಯ 12ನೆಯ ತರಗತಿಯ ಭೌತವಿಜ್ಞಾನ ಪುಸ್ತಕದಲ್ಲಿ ಸಂವಹನ ವ್ಯವಸ್ಥೆಗಳನ್ನು ಕುರಿತ ಅಧ್ಯಾಯವೊಂದು ಬಹುಕಾಲ ಇತ್ತು. 2022ರ ಪಠ್ಯ ಕಡಿತದಲ್ಲಿ ಅದನ್ನು ಕೈಬಿಡಲಾಯಿತು. ಅದರಲ್ಲಿದ್ದ ಟಿವಿ ಗೋಪುರದ ಲೆಕ್ಕವನ್ನು ಬಿಡಿಸದ ವಿಜ್ಞಾನ ವಿದ್ಯಾರ್ಥಿ ಆಗ ವಿರಳ. ಭೂತ್ರಿಜ್ಯ ಹಾಗೂ ಗೋಪುರದ ಎತ್ತರಗಳ ಗುಣಲಬ್ಧವನ್ನು ಇಮ್ಮಡಿಸಿ ವರ್ಗಮೂಲ ತೆಗೆದರೆ ದೃಷ್ಟಿರೇಖೆಯ ದೂರ ಸಿಗುತ್ತದೆ. 100 ಮೀಟರ್ ಗೋಪುರಕ್ಕೆ ಇದು 36 ಕಿ.ಮೀ.; 10 ಮೀಟರ್ ಎತ್ತರದ ಆಂಟೆನಾಕ್ಕೆ 11 ಕಿ.ಮೀ. ಒಟ್ಟು 47 ಕಿ.ಮೀ.

ರೇಖಾಗಣಿತವಾಗಿ ಇದು ಸರಿ. ಆದರೆ ಈ ಉತ್ತರವನ್ನು ಸಂಕೇತದ ಕೊನೆಯ ಗಡಿ ಎಂಬಂತೆ ಕಲಿಸಿದ್ದು ಸರಿಯಲ್ಲ.

ಶ್ರೀಲಂಕಾದ ರೂಪವಾಹಿನಿಯನ್ನೇ ನೋಡೋಣ. 1982ರಲ್ಲಿ ಆರಂಭವಾದ ಈ ವಾಹಿನಿಯ ಪ್ರಮುಖ ಪ್ರಸಾರ ಕೇಂದ್ರ 2,524 ಮೀಟರ್ ಎತ್ತರದ ಪಿದುರುತಲಗಲ ಶಿಖರದಲ್ಲಿದೆ. ಸೂತ್ರದ ಪ್ರಕಾರ 10 ಮೀಟರ್ ಆಂಟೆನಾಕ್ಕೆ ಅದರ ವ್ಯಾಪ್ತಿ ಸುಮಾರು 191 ಕಿ.ಮೀ. ರಾಮೇಶ್ವರ ಅಲ್ಲಿಂದ ಸುಮಾರು 300 ಕಿ.ಮೀ. ದೂರ. ಆದರೂ ದಕ್ಷಿಣ ತಮಿಳುನಾಡಿನ ಕರಾವಳಿಯ ಜನ ಎತ್ತರದ ಆಂಟೆನಾ ನೆಟ್ಟು ರೂಪವಾಹಿನಿ ನೋಡುತ್ತಿದ್ದರು.

ಇದು ಹೇಗೆ ಸಾಧ್ಯ? ಮೇಲೇರಿದಂತೆ ಗಾಳಿಯ ವಕ್ರೀಭವನಾಂಕ ಇಳಿಯುವುದರಿಂದ ಅಲೆಗಳು ಭೂಮಿಯತ್ತ ತುಸು ಬಾಗುತ್ತವೆ. ಎಂಜಿನಿಯರುಗಳು ಇದಕ್ಕಾಗಿ ಭೂತ್ರಿಜ್ಯವನ್ನು ಮೂರರಲ್ಲಿ ನಾಲ್ಕರಷ್ಟು ಎಂದು ಹಿಡಿಯುತ್ತಾರೆ. ಆಗ 191 ಕಿ.ಮೀ. ಸುಮಾರು 221 ಆಗುತ್ತದೆ. ಅದರಾಚೆಗೂ ವಿವರ್ತನೆ ಮತ್ತು ಚದರಿಕೆಯಿಂದ ಕ್ಷೀಣ ಸಂಕೇತ ತಲಪುತ್ತದೆ. ಸಮುದ್ರದ ಮೇಲಿನ ತೇವದ ಗಾಳಿಯ ಮೇಲೆ ಒಣ, ಬಿಸಿ ಗಾಳಿ ಕವಿದಾಗ ಅಲೆಗಳು ಅವುಗಳ ನಡುವೆ ನಾಳದಲ್ಲಿ ಹರಿದಂತೆ ನೂರಾರು ಕಿ.ಮೀ. ಸಾಗುತ್ತವೆ.

ಆಂಟೆನಾದ ಪಾತ್ರವನ್ನೂ ಈ ಲೆಕ್ಕ ಎತ್ತರಕ್ಕಷ್ಟೇ ಇಳಿಸಿತು. 1926ರಲ್ಲಿ ಜಪಾನಿನ ಉಡಾ ಮತ್ತು ಯಾಗಿ ಪ್ರಕಟಿಸಿದ ವಿನ್ಯಾಸ ಒಂದೇ ದಿಕ್ಕಿನಿಂದ ಹೆಚ್ಚು ಶಕ್ತಿ ಸಂಗ್ರಹಿಸುತ್ತದೆ. 10 ಡೆಸಿಬೆಲ್ ಎಂದರೆ ಹತ್ತು ಪಟ್ಟು. ಆದರೆ ಸಂಕೇತವೇ ಇಲ್ಲದ ಕಡೆ ಆಂಟೆನಾ ಅದನ್ನು ಸೃಷ್ಟಿಸದು. ಹಾಗೆಯೇ ಟಿವಿ ಪಕ್ಕದಲ್ಲಿಟ್ಟ ಬೂಸ್ಟರ್ ಸಂಕೇತದ ಜೊತೆ ಗದ್ದಲವನ್ನೂ ಹಿಗ್ಗಿಸುತ್ತದೆ. ಕೇಬಲಿನಲ್ಲಿ ಸಂಕೇತ ಕುಗ್ಗುವ ಮೊದಲೇ, ಕಂಬದ ತುದಿಯಲ್ಲಿ ಕಡಿಮೆ ಗದ್ದಲದ ವರ್ಧಕ ಇರಬೇಕು. ಜಾಹೀರಾತನ್ನು ಪರೀಕ್ಷಿಸಲು ವಿದ್ಯಾರ್ಥಿಗೆ ಬೇಕಾದ ಈ ತಿಳಿವು ಆ ಲೆಕ್ಕದಿಂದ ಸಿಗುತ್ತಿರಲಿಲ್ಲ.

ದೂರದರ್ಶನದ ಅನಲಾಗ್ ಭೂಪ್ರಸಾರ 2022ರ ವೇಳೆಗೆ ಬಹುತೇಕ ನಿಂತಿತು. ಪ್ರಯೋಗಕ್ಕೆ ಎಫ್‌ಎಂ ರೇಡಿಯೋ ಇನ್ನೂ ಇದೆ. ಅದೂ ಮೀಟರ್ ತರಂಗವೇ. ಶಿಕ್ಷಕರು ತಿಂಗಳ ಕಾಲ ಮುಂಜಾನೆ ಮತ್ತು ಮಧ್ಯಾಹ್ನ ಕೇಳಿಬರುವ ದೂರದ ಕೇಂದ್ರಗಳನ್ನು ಮಕ್ಕಳಿಂದ ಬರೆಸಲಿ, ಪಕ್ಕದಲ್ಲಿ ಹವೆಯ ಸ್ಥಿತಿಯನ್ನೂ ಬರೆಸಲಿ. ಸೂತ್ರ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಅವರೇ ಕಂಡುಕೊಳ್ಳುತ್ತಾರೆ. ಅಧ್ಯಾಯ ಹೋದ ಮೇಲೂ ಈ ಪಾಠ ಮಾಡಬಹುದು.