ಮೆಕೆಂಝಿ ಚೌಕಳಿ ನೋಡುವ ಬಗೆ

ಸ್ಕಾಟ್ಲೆಂಡಿನ ಚೌಕಳಿ ಬಟ್ಟೆಯಾದ ಟಾರ್ಟನ್ ಕಂಡ ಹೊಸಬರು ಮೊದಲು ಕೇಳುವುದು ‘ಇದು ಯಾವ ಮನೆತನದ್ದು?’ ಎಂದು. ಆ ಪ್ರಶ್ನೆ ಆಮೇಲಿರಲಿ, ಮೊದಲು ನೇಯ್ಗೆ ನೋಡಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ಬಿಚ್ಚಾಣಿಕೆ ಮನೆಗಳ ನಡುವೆ ಬೆಳೆದ ಕಣ್ಣಿಗೆ ಎಳೆ ಪರೀಕ್ಷಿಸುವುದನ್ನು ಯಾರೂ ಕಲಿಸಬೇಕಿಲ್ಲ. ಇಲ್ಲಿ ಎಳೆ ರೇಷ್ಮೆಯದಲ್ಲ, ಉಣ್ಣೆಯದು.

ಸ್ಕಾಟ್ಲೆಂಡಿನ ಕುಲಗಳಿಗೆ ಸಂಬಂಧಿಸಿದ ಟಾರ್ಟನ್‌ಗಳು ಬೇಕಾದಷ್ಟಿವೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಕಡೆಯ ರಸಿಕರು ಮೆಕೆಂಝಿ ಕುಲದ್ದನ್ನೇ ಮೊದಲು ಕಲಿಯಲಿ ಎಂದು ನನ್ನ ಆಸೆ. ಆ ಕುಲಕ್ಕೂ ಈ ಸೀಮೆಗೂ ನಂಟಿದೆ.

ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿಯಿರಿ. ಹೊಕ್ಕಿನ ಎಳೆ ಹಾಸಿನ ಎರಡೆಳೆಗಳ ಮೇಲೆ, ಎರಡೆಳೆಗಳ ಕೆಳಗೆ ಹಾಯುತ್ತದೆ; ಪ್ರತಿ ಸಾಲಿನಲ್ಲೂ ಒಂದೆಳೆ ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ಬಟ್ಟೆಯ ಮೈತುಂಬ ಸಣ್ಣ ಓರೆಗೆರೆಗಳು. ಹಾಸಿನಲ್ಲಿ ಬಣ್ಣಗಳು ಯಾವ ಕ್ರಮದಲ್ಲಿ ಬಂದಿವೆಯೋ ಸಾಮಾನ್ಯವಾಗಿ ಹೊಕ್ಕಿನಲ್ಲೂ ಅದೇ ಕ್ರಮ, ಅದೇ ಎಳೆಗಳ ಲೆಕ್ಕ. ಈ ಕ್ರಮವನ್ನು ‘ಸೆಟ್’ ಎನ್ನುತ್ತಾರೆ. ಟಾರ್ಟನ್ನಿನ ಗುರುತು ಸೆಟ್ಟಿನಲ್ಲಿದೆ. ಬಣ್ಣ ತುಸು ತಿಳಿಯಾದರೂ ಗಾಢವಾದರೂ ಗುರುತು ಕೆಡುವುದಿಲ್ಲ.

ಮೆಕೆಂಝಿಯಲ್ಲಿ ಬಣ್ಣಗಳು ಐದೇ: ಕಡುನೀಲಿ, ಕಪ್ಪು, ಹಸಿರು, ಬಿಳಿ, ಕೆಂಪು. ಹಾಸೂ ಹೊಕ್ಕೂ ಒಂದೇ ಬಣ್ಣವಾದ ಕಡೆ ಅಪ್ಪಟ ಬಣ್ಣ ಕಾಣುತ್ತದೆ, ಬೇರೆ ಬೇರೆಯಾದ ಕಡೆ ಎರಡೂ ಅರ್ಧರ್ಧ ಬೆರೆಯುತ್ತವೆ. ಐದು ಅಪ್ಪಟ, ಹತ್ತು ಬೆರಕೆ, ಒಟ್ಟು 15 ಛಾಯೆ. ನನ್ನ ಮಟ್ಟಿಗೆ ಟಾರ್ಟನ್ನಿನ ಸೊಗಸು ಆ ಹತ್ತು ಬೆರಕೆಗಳದ್ದು. ಓರೆಗೆರೆಗಳ ಮೇಲೆ ಎರಡು ಬಣ್ಣ ಒಂದನ್ನೊಂದು ತಡವುವ ಆ ಆಟ ಮುದ್ರಿಸಿದ ಚೌಕಳಿಯಲ್ಲಿ ಸಿಗುವುದಿಲ್ಲ.

ಈಗ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ. ನೀಲಿ, ಕಪ್ಪು, ಹಸಿರು ಸೇರಿ ಕತ್ತಲು ಕವಿದಂತಾಗುತ್ತವೆ. ಹಸಿರಿನ ನಡುವಿನ ಬಿಳಿ ಗೆರೆ, ನೀಲಿಯೊಳಗಿನ ಕೆಂಪು ಗೆರೆ ಮಾತ್ರ ಎದ್ದು ನಿಲ್ಲುತ್ತವೆ. ಆ ಎರಡು ಗೆರೆಗಳನ್ನು ತೆಗೆದುಬಿಟ್ಟರೆ ಉಳಿಯುವುದು ಬ್ಲ್ಯಾಕ್ ವಾಚ್ ಎಂಬ ಸೈನ್ಯದ ಬಟ್ಟೆ. ಮನೆತನದ ಬಟ್ಟೆಯ ತಳದಲ್ಲಿ ಸರ್ಕಾರಿ ಸಮವಸ್ತ್ರ ಹೇಗೆ ಬಂತು? ಚರಿತ್ರೆ ಕೇಳಬೇಕಾದದ್ದು ಇಲ್ಲಿ.

1745ರಲ್ಲಿ, ಗದ್ದುಗೆ ಕಳೆದುಕೊಂಡಿದ್ದ ಸ್ಟುವರ್ಟ್ ವಂಶದ ರಾಜಕುಮಾರನ ಪರ ಎದ್ದ ಬಂಡಾಯಕ್ಕೆ ಮೆಕೆಂಝಿ ಕುಲದ ಕ್ರೊಮಾರ್ಟಿ ಮನೆಯ ಅರ್ಲ್ ಮತ್ತು ಅವನ ಮಗ ಜಾನ್ ಸೇರಿಕೊಂಡರು. ಬಂಡಾಯ ಸೋತಿತು. ತಂದೆಗೆ ಮರಣದಂಡನೆಯ ತೀರ್ಪಾಯಿತು, ಆಮೇಲೆ ಅದು ರದ್ದಾಗಿ ಜೀವ ಉಳಿಯಿತು. ಪದವಿ, ಆಸ್ತಿ ಹೋದವು. 1746ರ ಕಾಯಿದೆ ಗಂಡಸರು, ಹುಡುಗರು ಟಾರ್ಟನ್ ಸೇರಿದ ಹೈಲ್ಯಾಂಡ್ (ಸ್ಕಾಟ್ಲೆಂಡಿನ ಬೆಟ್ಟಸೀಮೆಯ) ಉಡುಪು ತೊಡುವುದನ್ನು ನಿಷೇಧಿಸಿತು. ಮೊದಲ ತಪ್ಪಿಗೆ ಆರು ತಿಂಗಳ ಸೆರೆ, ಎರಡನೆಯದಕ್ಕೆ ಏಳು ವರ್ಷ ಗಡಿಪಾರು. ರಾಜನ ಸೈನಿಕರಿಗೆ ಮಾತ್ರ ವಿನಾಯಿತಿ. 1782ರವರೆಗೂ ಈ ಕಾಯಿದೆ ಇತ್ತು. ಕ್ಷಮೆ ಪಡೆದ ಜಾನ್ ಸ್ವೀಡನ್ನಿನ ಸೈನ್ಯದಲ್ಲಿ ದುಡಿದು, 1777ರಲ್ಲಿ ಮರಳಿ ಬಂದು, ತನ್ನ ಮನೆಯನ್ನು ಮುರಿದ ರಾಜಸತ್ತೆಗೇ ಒಂದು ರೆಜಿಮೆಂಟ್ ಕಟ್ಟಿಕೊಟ್ಟ. ಸರ್ಕಾರಿ ಟಾರ್ಟನ್ನಿಗೆ ಗುರುತಿನ ಗೆರೆ ಸೇರಿಸಿದ್ದು ಇಂಥ ಮೆಕೆಂಝಿ ರೆಜಿಮೆಂಟುಗಳು. ಅದೇ ಮುಂದೆ ಕುಲದ ಬಟ್ಟೆಯಾಯಿತು.

ಆ ರೆಜಿಮೆಂಟು 1780ರಲ್ಲಿ ಮದರಾಸಿಗೆ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಂಚಿಯ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಬಡಿದಾಗ ಅದರ ತುಕಡಿಗಳೂ ಅಲ್ಲಿದ್ದವು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲಿರುವುದು ಆ ಯುದ್ಧದ ಚಿತ್ರವೇ. ಅಲ್ಲಿ ಸೆರೆಸಿಕ್ಕವರಲ್ಲಿ ಈ ರೆಜಿಮೆಂಟಿನ ಕ್ಯಾಪ್ಟನ್ ಡೇವಿಡ್ ಬೇರ್ಡ್ ಒಬ್ಬ. 1786ರಲ್ಲಿ ಅದಕ್ಕೆ 71ನೇ ಸಂಖ್ಯೆ ಬಂತು. 1791ರ ಅಕ್ಟೋಬರ್ 19ರಂದು ನಮ್ಮ ಸೀಮೆಯ ನಂದಿದುರ್ಗಕ್ಕೆ ಲಗ್ಗೆ ಹಾಕಿದ ಪಡೆಯಲ್ಲಿ ಈ 71ನೆಯವರಿದ್ದರು.

ಕತ್ತಿ ಹಿಡಿದು ಬಂದವರ ಕುಲದಿಂದಲೇ ಲೇಖನಿ ಹಿಡಿದವನೂ ಬಂದ. ಲೂಯಿಸ್ ದ್ವೀಪದ ಸ್ಟೋರ್ನೊವೇಯಲ್ಲಿ ಹುಟ್ಟಿದ ಕಾಲಿನ್ ಮೆಕೆಂಝಿ 1799ರ ನಂತರ ಮೈಸೂರು ಸೀಮೆಯನ್ನು ಅಳೆದ. ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ, ರಾಮಸ್ವಾಮಿ ಸೋದರರಂಥ ಸಹಾಯಕರ ಮೂಲಕ ಊರೂರಿನ ಕೈಫಿಯತ್ತು, ಪಾಳೆಯಗಾರರ ವಂಶಾವಳಿ ಬರೆಸಿದ. ಬೋರಯ್ಯನವರಿಗೆ ಸಲ್ಲಬೇಕಾದಷ್ಟು ಕೀರ್ತಿ ಇನ್ನೂ ಸಂದಿಲ್ಲ ಎಂಬುದು ನನ್ನ ದೂರು. ನಮ್ಮಲ್ಲೂ ವಂಶದ ಕತೆಗಳಿಗೆ ಕೊರತೆಯಿಲ್ಲ. ಕಂಚಿ ಸೀಮೆಯಿಂದ ಮಗಳ ಮಾನ ಕಾಯಲು ಬಂಡಿ ಕಟ್ಟಿಕೊಂಡು ಬಂದ ಅಣ್ಣತಮ್ಮಂದಿರು ಆವತಿಯಲ್ಲಿ ನೆಲೆ ನಿಂತರೆಂಬ ಐತಿಹ್ಯವಿದೆ. ಚಿಕ್ಕಬಳ್ಳಾಪುರ, ದೇವನಹಳ್ಳಿಯ ಪಾಳೆಯಪಟ್ಟುಗಳು ಆ ವಂಶದ ಕವಲು.

ಐತಿಹ್ಯವನ್ನು ಪ್ರೀತಿಯಿಂದ ಕೇಳಿ, ದಾಖಲೆಯನ್ನು ಬೇರೆಯಾಗಿ ಇಟ್ಟುಕೊಳ್ಳಿ. ಟಾರ್ಟನ್ನಿಗೂ ಇದೇ ಮಾತು. ಒಂದೊಂದು ಕುಲಕ್ಕೂ ಅನಾದಿಯಿಂದ ಒಂದೊಂದು ಸೆಟ್ ಇತ್ತೆಂಬುದು ಸುಳ್ಳು. 1815ರಲ್ಲಿ ಲಂಡನ್ನಿನ ಹೈಲ್ಯಾಂಡ್ ಸೊಸೈಟಿ ಮಾದರಿ ಬಟ್ಟೆಗಳನ್ನು ಕಳಿಸಿರೆಂದು ಕುಲದ ಯಜಮಾನರನ್ನು ಕೇಳಿತು. 1822ರಲ್ಲಿ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದಾಗ ಬೇಡಿಕೆ ಉಕ್ಕಿತು. ಬ್ಯಾನಕ್‌ಬರ್ನಿನ ವಿಲ್ಸನ್ ನೇಕಾರರು ನೇಯ್ದು ಮಾರಿದರು. ಹಳೆಯ ಹಸ್ತಪ್ರತಿಯ ಹೆಸರಿನಲ್ಲಿ 1842ರಲ್ಲಿ ಹೊರಬಂದ ‘ವೆಸ್ಟಿಯೇರಿಯಂ ಸ್ಕಾಟಿಕಂ’ ನಕಲಿ. ಇವುಗಳ ನಡುವೆ ಸೈನ್ಯದಿಂದ ಬಂದ ಮೆಕೆಂಝಿ ಬಟ್ಟೆಯ ಹುಟ್ಟು ಸ್ಪಷ್ಟವಾಗಿದೆ, ಅದಕ್ಕೇ ಅದು ಕಲಿಯುವವರಿಗೆ ಒಳ್ಳೆಯ ಮೊದಲ ಪಾಠ.

ಕಾಲಿನ್ ಮೆಕೆಂಝಿ ಸಂಗ್ರಹದ ದೊಡ್ಡ ಪಾಲು ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿದೆ. ನಿಮ್ಮ ಮನೆಯ ಹಿರಿಯರು ಹೇಳುವ ವಂಶದ ಕತೆ ಎಲ್ಲೂ ಇಲ್ಲದಿರಬಹುದು. ಅದನ್ನು ಬರೆದಿಡಿ, ಹೇಳಿದವರು ಯಾರು, ಯಾವ ಊರು, ಯಾವ ವರ್ಷ ಎಂಬುದನ್ನೂ ಜೊತೆಗೆ ಸೇರಿಸಿ.