ಉಪ್ಪುನೀರಿನಲ್ಲಿ ಸೀಸದ ಜಾಡು

ಕಡಲ ನೀರಿನಲ್ಲಿ ಕರಗಿರುವ ಲೋಹವನ್ನು ಅಳೆಯಹೊರಟವರಿಗೆ ಮೊದಲು ಸಿಗುವ ಬುದ್ಧಿಮಾತು: ಉಪ್ಪನ್ನು ದೂರವಿಡಿ. ಪರಮಾಣುಗಳನ್ನು ಅವುಗಳ ತೂಕದಿಂದ ಗುರುತಿಸಿ ಎಣಿಸುವ ಐಸಿಪಿ-ಮಾಸ್ ಯಂತ್ರ ಬಳಸುವವರಿಗೆ ಈ ಮಾತು ಸರಿಯೇ. ಕಿಲೋಗೆ 35 ಗ್ರಾಂ ಉಪ್ಪಿರುವ ನೀರನ್ನು ಹಾಗೇ ಊಡಿದರೆ ಯಂತ್ರದ ಮೂತಿಯಲ್ಲಿ ಉಪ್ಪು ಗಟ್ಟಿಯಾಗುತ್ತದೆ. ಸಾಲದ್ದಕ್ಕೆ ಸೋಡಿಯಂ ಆರ್ಗಾನ್ ಜೊತೆ ಕೂಡಿಕೊಂಡು 63ರ ತೂಕದಲ್ಲಿ ತಾಮ್ರದ ವೇಷ ಹಾಕುತ್ತದೆ. ಇದೇ ಉಪದೇಶವನ್ನು, ದ್ರಾವಣದಲ್ಲಿ ವಿದ್ಯುತ್ ವಿಭವ ಬದಲಿಸುತ್ತ ಪ್ರವಾಹ ಅಳೆಯುವ ವೋಲ್ಟಮೆಟ್ರಿಗೂ ಹೊರಿಸುವುದನ್ನು ಮಾತ್ರ ನಾನು ಒಪ್ಪಲಾರೆ. ಇಲ್ಲಿ ಉಪ್ಪು ಬೇಕಾದ ನೆಂಟ. ಸಿಹಿನೀರನ್ನು ಪರೀಕ್ಷಿಸುವವರು ಪೊಟ್ಯಾಸಿಯಂ ಕ್ಲೋರೈಡನ್ನು ತಾವೇ ತಂದು ಸುರಿಯುತ್ತಾರೆ. ದ್ರಾವಣದ ರೋಧ ಇಳಿಯಲಿ, ಲೋಹದ ಅಯಾನುಗಳ ಮೇಲೆ ವಿದ್ಯುತ್ ಕ್ಷೇತ್ರದ ಎಳೆತ ಅಡಗಲಿ ಎಂದು. ಕಡಲು ಅದನ್ನು ಪುಕ್ಕಟೆ ಕೊಟ್ಟಿದೆ. ಅಂಗಡಿಯ ಉಪ್ಪಿಗೆ ಇನ್ನೊಂದು ತಂಟೆಯೂ ಇದೆ: ಹತ್ತು ಲಕ್ಷದಲ್ಲಿ ಒಂದು ಪಾಲು ಸೀಸವಿರುವ ಉಪ್ಪನ್ನು ಲೀಟರಿಗೆ 300 ಗ್ರಾಂ ಕರಗಿಸಿದರೆ 300 ಮೈಕ್ರೋಗ್ರಾಂ ಸೀಸ ನಾವೇ ಬೆರೆಸಿದಂತಾಯಿತು. ತೆರೆದ ಸಾಗರದ ಸೀಸದ ಲೆಕ್ಕವಾದರೋ ನ್ಯಾನೋಗ್ರಾಂಗಳಲ್ಲಿ.

ಯಾರೊಸ್ಲಾವ್ ಹೈರೋವ್ಸ್ಕಿ 1922ರಲ್ಲಿ ಪ್ರಾಗ್‌ನಲ್ಲಿ ತೊಟ್ಟಿಕ್ಕುವ ಪಾದರಸದಿಂದ ಕಟ್ಟಿದ ಪೋಲರೋಗ್ರಫಿಗೆ 1959ರಲ್ಲಿ ನೊಬೆಲ್ ಬಂತು. ಅದೇ ಮನೆತನದ ಸ್ಟ್ರಿಪ್ಪಿಂಗ್ ವೋಲ್ಟಮೆಟ್ರಿಯಲ್ಲಿ ಪಾದರಸದ ಹನಿ ಬೀಳುವುದಿಲ್ಲ, ನೇತಾಡುತ್ತದೆ. ನೈಟ್ರೋಜನ್ ಹಾಯಿಸಿ ಆಮ್ಲಜನಕ ಓಡಿಸಿ, ಹನಿಯನ್ನು ಕೆಲವು ನಿಮಿಷ ಋಣ ವಿಭವದಲ್ಲಿ ಹಿಡಿದರೆ ಲೋಹ ಬಂದು ಹನಿಯೊಳಗೆ ಜಮೆಯಾಗುತ್ತದೆ. ಆಮೇಲೆ ವಿಭವವನ್ನು ಮೇಲಕ್ಕೇರಿಸುತ್ತ ಬಂದರೆ ಸುಮಾರು ಮೈನಸ್ 0.6 ವೋಲ್ಟಿನಲ್ಲಿ ಕ್ಯಾಡ್ಮಿಯಂ, ಮೈನಸ್ 0.4ರಲ್ಲಿ ಸೀಸ ಹೊರಬೀಳುತ್ತವೆ. ಕಾಗದದ ಮೇಲೆ ಎರಡು ಚೂಪು ಗುಡ್ಡ. ಕ್ಲೋರೈಡ್ ಅಪ್ಪಿಕೊಂಡಿರುವುದರಿಂದ ಗುಡ್ಡಗಳ ಜಾಗ ಅಷ್ಟಿಷ್ಟು ಸರಿಯುತ್ತದೆ, ಎತ್ತರವೂ ಬದಲಾಗುತ್ತದೆ. ಹಾಗಾಗಿ ಬಟ್ಟಿನೀರಿನಲ್ಲಿ ಎಳೆದಿಟ್ಟ ಅಳತೆಯ ಗೆರೆಯನ್ನು ಉಪ್ಪುನೀರಿಗೆ ಹಚ್ಚಬಾರದು; ಅದೇ ನೀರಿಗೆ ಗೊತ್ತಿರುವಷ್ಟು ಸೀಸ ಸೇರಿಸಿ ಗುಡ್ಡ ಎಷ್ಟು ಬೆಳೆಯಿತೆಂದು ನೋಡಬೇಕು.

ಈ ವಿಧಾನ ಒಟ್ಟು ಲೋಹವನ್ನು ಕಾಣುವುದಿಲ್ಲ, ಕಡಿಮೆ ತೋರಿಸುತ್ತದೆ ಎಂಬುದು ದೊಡ್ಡ ಆಕ್ಷೇಪ. ನಿಜ, ಆದರೆ ಆ ಕಡಿಮೆಯೇ ಸುದ್ದಿ. ಕಡಲ ಮೇಲ್ಪದರದ ತಾಮ್ರದಲ್ಲಿ ಸಾಮಾನ್ಯವಾಗಿ ಶೇ. 99ಕ್ಕೂ ಹೆಚ್ಚು ಪಾಲು ಸಾವಯವ ಅಣುಗಳ ಹಿಡಿತದಲ್ಲಿರುತ್ತದೆ. ಪಾಚಿಯನ್ನು ಕಾಡುವುದು ಒಟ್ಟು ತಾಮ್ರವಲ್ಲ, ಬಿಡಿ ಅಯಾನು ಎಂದು ಸುಂಡಾ ಮತ್ತು ಗಿಲಾರ್ಡ್ 1976ರಲ್ಲೇ ತೋರಿಸಿದ್ದಾರೆ. ಎಲ್ಲವನ್ನೂ ಸುಟ್ಟು ಎಣಿಸುವ ಯಂತ್ರಕ್ಕೆ ಕಟ್ಟಿಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಪಾದರಸದ ಹನಿಗೆ ಸಿಗುವುದು ಹಿಡಿತ ಸಡಿಲವಿರುವ ಪಾಲು. ಒಟ್ಟು ಮೊತ್ತವೇ ಬೇಕೆಂದರೆ ಆಮ್ಲ ಹಾಕಿ, ಅತಿನೇರಳೆ ಬೆಳಕಿಗೊಡ್ಡಿ ಸಾವಯವವನ್ನು ಮುರಿದು ಮತ್ತೆ ಅಳೆದರಾಯಿತು. ಎರಡು ಅಂಕಿಗಳ ನಡುವಿನ ಅಂತರ ಯಾವ ದುಬಾರಿ ಯಂತ್ರವೂ ಒಂದೇ ಏಟಿಗೆ ಕೊಡದ ಮಾಹಿತಿ. ಪಾದರಸ ವಿಷವಲ್ಲವೇ ಎಂಬ ಮಾತಿಗೆ ಮಾತ್ರ ನನ್ನ ಬಳಿ ಅರ್ಧ ಉತ್ತರವಿದೆ. ಜೋಸೆಫ್ ವಾಂಗ್ ತಂಡ 2000ದಲ್ಲಿ ಮುಂದಿಟ್ಟ ಬಿಸ್ಮತ್ ಪದರ ಸೀಸ, ಕ್ಯಾಡ್ಮಿಯಂಗಳಿಗೆ ಚೆನ್ನಾಗಿ ಒಗ್ಗುತ್ತದೆ. ತಾಮ್ರದ ಗುಡ್ಡ ಮಾತ್ರ ಬಿಸ್ಮತ್ತಿನ ಗುಡ್ಡಕ್ಕೇ ತಾಗಿಕೊಳ್ಳುತ್ತದೆ. ತಾಮ್ರ ಬೇಕಾದವರು ಪಾದರಸಕ್ಕೆ ಮರಳಬೇಕು, ಇಲ್ಲವೇ ಚಿನ್ನದ ತಂತಿ ಹಿಡಿಯಬೇಕು.