ಬಿಡದ ಹಾಡಿಗೆ ಮಂಗಳ

ಸಂಗೀತ ಕೇಳುವ ಅಭ್ಯಾಸವುಳ್ಳವರನ್ನು ಹಗಲೆಲ್ಲ ಕಾಡುವ ಗುಂಗು ಇಡೀ ಹಾಡಿನದಾಗಿರುವುದು ತೀರಾ ಅಪರೂಪ. ಪಲ್ಲವಿಯ ಅರ್ಧ ಸಾಲು, ಜಾಹೀರಾತಿನ ಕೊನೆಯ ನಾಲ್ಕು ಮಾತು, ಬೆಳಿಗ್ಗೆ ಬೀದಿಗೆ ಬರುವ ಕಸದ ಗಾಡಿಯ ಧ್ವನಿವರ್ಧಕದಲ್ಲಿ ಕೇಳಿದ ಒಂದು ತುಂಡು ಧಾಟಿ, ಹೀಗೆ ಕೆಲವೇ ಸೆಕೆಂಡುಗಳ ತುಣುಕೊಂದು ಕರೆಯದೆ ಬಂದು, ಮುಗಿದಲ್ಲಿಂದ ಮತ್ತೆ ಶುರುವಾಗಿ, ಹೋಗೆಂದರೂ ಹೋಗದೆ ತಲೆಯೊಳಗೆ ಸುತ್ತುತ್ತದೆ. ಮನಶ್ಶಾಸ್ತ್ರಜ್ಞರು ಇದನ್ನು ಅನೈಚ್ಛಿಕ ಸಂಗೀತ ಸ್ಮರಣೆ, ಅಂದರೆ ನೆನೆಯುವ ಇಚ್ಛೆಯಿಲ್ಲದಿದ್ದರೂ ಮನಸ್ಸಿನಲ್ಲಿ ತಾನಾಗಿಯೇ ನುಡಿಯುವ ಸಂಗೀತ ಎಂದು ಗುರುತಿಸುತ್ತಾರೆ. ಫಿನ್ಲೆಂಡಿನ ಸಂಶೋಧಕ ಲಾಸ್ಸಿ ಲಿಕ್ಕಾನೆನ್ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರನ್ನು ಅಂತರ್ಜಾಲದ ಮೂಲಕ ಪ್ರಶ್ನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತಿರ ಹತ್ತಿರ ಶೇ. 90ರಷ್ಟು ಮಂದಿ ವಾರಕ್ಕೊಮ್ಮೆಯಾದರೂ ಈ ಅನುಭವವಾಗುವುದೆಂದು ಹೇಳಿದ್ದರು. ಹಾಡುವ, ನುಡಿಸುವ ರೂಢಿಯಿದ್ದವರಲ್ಲಿ ಅದು ಇನ್ನೂ ಹೆಚ್ಚು. ಆದ್ದರಿಂದ ಇದನ್ನು ಕಾಯಿಲೆಯೆಂದು ಬಗೆಯಬೇಕಾಗಿಲ್ಲ. ಕಿವಿಗೆ ಹೊರಗಿನಿಂದಲೇ ಸಂಗೀತ ಕೇಳಿಬಂದಂತಾಗಿ, ಯಾರೋ ಹಾಡುತ್ತಿದ್ದಾರೆಂದು ತಿರುಗಿ ನೋಡುವಂತಾದರೆ ಅದು ಶ್ರವಣಭ್ರಮೆ, ಅದಕ್ಕೆ ವೈದ್ಯರಿದ್ದಾರೆ. ಗುಂಗು ಹಿಡಿದವರಿಗಾದರೋ ಹಾಡು ತಮ್ಮೊಳಗೇ ಇದೆಯೆಂಬುದು ಚೆನ್ನಾಗಿ ಗೊತ್ತಿರುತ್ತದೆ, ಗೊತ್ತಿದ್ದೂ ಅದನ್ನು ನಿಲ್ಲಿಸಲಾಗುವುದಿಲ್ಲ.

ತುಣುಕೇ ಏಕೆ ಉಳಿಯುತ್ತದೆಂಬುದಕ್ಕೆ ಸ್ಮರಣೆಯ ರಚನೆಯಲ್ಲಿ ಒಂದು ಉತ್ತರವಿದೆ. ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಆ ಕ್ಷಣದ ಬಳಕೆಗೆಂದು ಮನಸ್ಸು ಕೈಗೆಟಕುವಂತೆ ಇಟ್ಟುಕೊಳ್ಳುವ ಸ್ಮರಣೆಗೆ, ಅಂದರೆ ಕಾರ್ಯಸ್ಮರಣೆಗೆ, ಸದ್ದನ್ನಷ್ಟೇ ಹಿಡಿದಿಡುವ ಪ್ರತ್ಯೇಕ ಅಂಗವೊಂದಿದ್ದು, ಅದರಲ್ಲಿ ಸುಮಾರು ಎರಡು ಸೆಕೆಂಡಿನಷ್ಟು ಧ್ವನಿ ಮಾತ್ರ ನಿಲ್ಲುತ್ತದೆ. ಅದು ಅಳಿಯದಿರಬೇಕಾದರೆ ತುಟಿ ಅಲುಗಿಸದೆಯೇ ಒಳಗೊಳಗೆ ಅದನ್ನು ಮತ್ತೆ ಮತ್ತೆ ಉಚ್ಚರಿಸುತ್ತಿರಬೇಕಾಗುತ್ತದೆ. ಫೋನ್ ನಂಬರೊಂದನ್ನು ಬರೆದುಕೊಳ್ಳುವವರೆಗೆ ಗೊಣಗಿಕೊಳ್ಳುವಾಗ ಕೆಲಸಮಾಡುವುದು ಇದೇ ವ್ಯವಸ್ಥೆ. ಕೇಳಿದ ಹಾಡಿನ ಉಳಿದ ಭಾಗವನ್ನು ಮೆದುಳು ತಾನೇ ತುಂಬಿಕೊಳ್ಳುತ್ತದೆ ಎಂಬುದನ್ನು ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಸಂಶೋಧಕರು 2005ರಲ್ಲಿ ತೋರಿಸಿಕೊಟ್ಟರು: ಪರಿಚಿತ ಹಾಡುಗಳ ನಡುವೆ ಅಲ್ಲಲ್ಲಿ ಸದ್ದನ್ನು ಅಳಿಸಿ ಕೇಳಿಸಿದಾಗ, ಆ ಮೌನದ ಹೊತ್ತಿನಲ್ಲೂ ಕೇಳುಗರ ಮೆದುಳಿನ ಶ್ರವಣಭಾಗ ಚುರುಕಾಗಿಯೇ ಇತ್ತು. ಸದ್ದಿಲ್ಲದಿದ್ದರೂ ಹಾಡು ನಡೆಯುತ್ತಲೇ ಇತ್ತೆಂದರ್ಥ.

ಎಲ್ಲ ಹಾಡುಗಳೂ ಸಮಾನವಾಗಿ ಅಂಟಿಕೊಳ್ಳುವುದಿಲ್ಲ. ಕೆಲ್ಲಿ ಜಾಕುಬೋವ್ಸ್ಕಿ ಮತ್ತು ಸಂಗಡಿಗರು ಸುಮಾರು ಮೂರು ಸಾವಿರ ಜನ ತಿಳಿಸಿದ ಪಾಶ್ಚಾತ್ಯ ಜನಪ್ರಿಯ ಗೀತೆಗಳನ್ನು ಪರಿಶೀಲಿಸಿ 2016ರಲ್ಲಿ ಕಂಡುಕೊಂಡಂತೆ, ಗುಂಗು ಹಿಡಿಸುವ ಹಾಡಿನ ನಡೆ ತುಸು ವೇಗವಾಗಿರುತ್ತದೆ, ಧಾಟಿಯ ಏರಿಳಿತ ಎಲ್ಲರಿಗೂ ಪರಿಚಿತವಾದ ಮಾದರಿಯದಾಗಿರುತ್ತದೆ, ಆದರೆ ಅದರೊಳಗೆ ಎಲ್ಲೋ ಒಂದೆಡೆ ಅನಿರೀಕ್ಷಿತವಾದ ಸ್ವರಜಿಗಿತವೋ ಅಸಾಮಾನ್ಯವಾದ ಪುನರಾವರ್ತನೆಯೋ ಇರುತ್ತದೆ. ಸುಲಭವಾಗಿ ಬಾಯಿಗೆ ಬರಬೇಕು, ಬಂದಮೇಲೆ ಸಪ್ಪೆಯೆನಿಸಬಾರದು. ವೇಗವೊಂದೇ ಕಾರಣವಲ್ಲ ಎಂಬುದಕ್ಕೆ ಕನ್ನಡಿಗರ ಬಳಿ ಒಳ್ಳೆಯ ಸಾಕ್ಷಿಯಿದೆ. ಆರ್. ಕೆ. ನಾರಾಯಣ್ ಅವರ ಕಥೆಗಳನ್ನಾಧರಿಸಿ ಶಂಕರ್ ನಾಗ್ 1980ರ ದಶಕದಲ್ಲಿ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಎಲ್. ವೈದ್ಯನಾಥನ್ ಕೊಟ್ಟ ಶೀರ್ಷಿಕೆ ಸಂಗೀತ ಅಷ್ಟೇನೂ ಅವಸರದ್ದಲ್ಲ. ಅದಕ್ಕೆ ಸಾಹಿತ್ಯವೂ ಇಲ್ಲ, ಅರ್ಥವಿಲ್ಲದ ಕೆಲವು ಅಕ್ಷರಗಳಷ್ಟೇ ಸ್ವರಗಳ ಜೊತೆ ಸಾಗುತ್ತವೆ. ಮರೆಯಲು ಮಾತೇ ಇಲ್ಲದ, ಯಾವ ಭಾಷೆಯವರೂ ಹಾಡಬಹುದಾದ, ಚಿಕ್ಕದಾದ ಮತ್ತು ತನ್ನ ಮೊದಲಿಗೇ ಮರಳಿ ಬರುವ ಈ ಧಾಟಿಯನ್ನು ಆ ಕಾಲದ ದೂರದರ್ಶನದ ವೀಕ್ಷಕರು ಪ್ರತಿ ಕಂತಿನ ಆರಂಭದಲ್ಲೂ ಕೇಳಿದ್ದರಿಂದ, ಕಥೆಗಳನ್ನು ಮರೆತವರೂ ಇದನ್ನು ಮರೆತಿಲ್ಲ. ಈ ಪ್ಯಾರಾ ಓದಿದ ಕೆಲವರಿಗಾದರೂ ಅದು ಈಗಾಗಲೇ ಶುರುವಾಗಿರಲು ಸಾಕು.

ಗುಂಗನ್ನು ಓಡಿಸುವ ಉಪಾಯಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ನೇರವಾಗಿ ಅದರ ಮೇಲೆ ಹಗೆ ಸಾಧಿಸುವುದು. ಮದ್ದು ಕುಡಿಯುವಾಗ ಮಂಗನನ್ನು ನೆನೆಯಬಾರದೆಂದು ಪಥ್ಯ ಹೇಳಿದ ವೈದ್ಯನ ಕಥೆಯನ್ನು ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಂಗನ ಬದಲಿಗೆ ಬಿಳಿ ಕರಡಿಯಿತ್ತು, ಫಲಿತಾಂಶ ಮಾತ್ರ ಅದೇ. ನೆನೆಯದಿರಲು ಯತ್ನಿಸುವ ಮನಸ್ಸು, ನೆನಪು ಬಂತೋ ಇಲ್ಲವೋ ಎಂದು ಆಗಾಗ ಪರೀಕ್ಷಿಸಿಕೊಳ್ಳಬೇಕಾಗುತ್ತದೆ, ಆ ಪರೀಕ್ಷೆಯೇ ನೆನಪನ್ನು ಕರೆತರುತ್ತದೆ.

ಹೆಚ್ಚು ಮರ್ಯಾದೆಯ ದಾರಿಯೆಂದರೆ ಹಾಡನ್ನು ಮುಗಿಸುವುದು. ಬರ್ಲಿನ್ನಿನಲ್ಲಿ ಕುರ್ಟ್ ಲೆವಿನ್ ಅವರ ಶಿಷ್ಯೆಯಾಗಿದ್ದ ಬ್ಲೂಮಾ ಝೈಗಾರ್ನಿಕ್ 1927ರಲ್ಲಿ, ನಡುವೆ ತಡೆಹಿಡಿದ ಕೆಲಸಗಳು ಪೂರ್ಣಗೊಂಡವುಗಳಿಗಿಂತ ಚೆನ್ನಾಗಿ ನೆನಪಿನಲ್ಲಿರುತ್ತವೆಂದು ವಾದಿಸಿದರು. ಹಣ ಸಂದಾಯವಾಗುವವರೆಗೆ ಗಿರಾಕಿ ಕೇಳಿದ್ದನ್ನೆಲ್ಲ ನೆನಪಿಟ್ಟು ಆಮೇಲೆ ಮರೆತುಬಿಡುವ ಹೋಟೆಲ್ ಮಾಣಿಯ ಪ್ರಸಂಗ ಈ ಸಂಶೋಧನೆಯೊಡನೆ ಸದಾ ತಳಕುಹಾಕಿಕೊಂಡಿದೆ. ಅರ್ಧಕ್ಕೆ ನಿಂತ ಹಾಡು ತನ್ನ ಕೊನೆಯನ್ನು ಬೇಡುತ್ತ ಮರಳಿ ಬರುತ್ತದೆಂಬ ಊಹೆ ಇಲ್ಲಿಂದ ಹುಟ್ಟಿತು. ಝೈಗಾರ್ನಿಕ್ ಅವರ ಫಲಿತಾಂಶ ಮುಂದಿನ ಪ್ರಯೋಗಗಳಲ್ಲಿ ಒಂದೇ ತೆರನಾಗಿ ಮರುಕಳಿಸಿಲ್ಲವಾದ್ದರಿಂದ ಊಹೆಯನ್ನು ಸಿದ್ಧಾಂತವೆಂದು ಸಾರುವುದು ತಪ್ಪಾದೀತು. ಆದರೂ ವಿಕ್ಟೋರಿಯಾ ವಿಲಿಯಮ್ಸನ್ ಮತ್ತು ಸಹೋದ್ಯೋಗಿಗಳು ಬ್ರಿಟನ್ ಹಾಗೂ ಫಿನ್ಲೆಂಡಿನ ಜನರ ಉತ್ತರಗಳನ್ನು ವಿಂಗಡಿಸಿ 2014ರಲ್ಲಿ ಪ್ರಕಟಿಸಿದ ಬರಹದಲ್ಲಿ, ಗುಂಗನ್ನು ಎದುರಿಸುವ ಎರಡು ಮುಖ್ಯ ರೀತಿಗಳ ಪೈಕಿ ಒಂದು ಗಮನವನ್ನು ಬೇರೆಡೆಗೆ ತಿರುಗಿಸುವುದಾದರೆ, ಇನ್ನೊಂದು ಅದೇ ಹಾಡನ್ನು ಹುಡುಕಿ, ಕೇಳಿ ಅಥವಾ ಹಾಡಿ, ಅದರೊಡನೆ ಒಡನಾಡುವುದೇ ಆಗಿತ್ತು.

ಈ ಎರಡನೆಯ ರೀತಿಗೆ ಕರ್ನಾಟಕ ಸಂಗೀತದ ಕೇಳುಗರು ತುಸು ವಿಶೇಷವಾಗಿ ಸಿದ್ಧರಾಗಬೇಕಾಗುತ್ತದೆ, ಏಕೆಂದರೆ ಕೃತಿಯೊಂದರಲ್ಲಿ ಪಲ್ಲವಿಯೇ ಆರಂಭವೂ ಹೌದು, ಮುಕ್ತಾಯವೂ ಹೌದು. ಅದು ಮೊದಲು ಸಂಗತಿಗಳೊಡನೆ, ಅಂದರೆ ಒಂದೇ ಸಾಲನ್ನು ಹೆಜ್ಜೆಹೆಜ್ಜೆಗೆ ಬೆಳೆಸುತ್ತ ಹೋಗುವ ಮಾರ್ಪಾಟುಗಳೊಡನೆ ಬರುತ್ತದೆ, ಅನುಪಲ್ಲವಿಯಾದ ಮೇಲೆ ಮತ್ತೆ ಬರುತ್ತದೆ, ಚರಣ ಮುಗಿದ ಮೇಲೆ ಮತ್ತೊಮ್ಮೆ ಬರುತ್ತದೆ. ಇಷ್ಟೊಂದು ಸಲ ಕೇಳಿದ ಸಾಲು ಬಾಯಲ್ಲಿ ಉಳಿಯುವುದರಲ್ಲಿ ಆಶ್ಚರ್ಯವಿಲ್ಲ. ಗಮನಿಸಬೇಕಾದದ್ದೇನೆಂದರೆ, ಅಷ್ಟು ಸಲಗಳಲ್ಲಿ ಕೊನೆಯ ಸಲ ಮಾತ್ರ ಹಾಡುವವರು ನಡೆಯನ್ನು ತುಸು ಸಡಿಲಿಸಿ, ಸಾಲನ್ನು ಮುಂದಕ್ಕೆ ತಳ್ಳದೆ ನಿಲುಗಡೆಯ ಸ್ವರದ ಮೇಲೆ ಇಳಿಸುತ್ತಾರೆ, ಮೃದಂಗವು ಒಂದೇ ಜತಿಯನ್ನು ಮೂರು ಬಾರಿ ನುಡಿಸುವ ತೀರ್ಮಾನದಿಂದ ಅದಕ್ಕೆ ಮುದ್ರೆಯೊತ್ತುತ್ತದೆ. ಹಿಂದೂಸ್ತಾನಿಯಲ್ಲಿ ತಿಹಾಯಿಯು ಮೂರು ಸಲ ಬಂದು ತಾಳದ ಮೊದಲ ಮಾತ್ರೆಯಾದ ಸಮ್ ಮೇಲೆ ಬೀಳುವಾಗ ಆಗುವುದೂ ಇದೇ. ತಲೆಯೊಳಗೆ ತಿರುಗುವ ಪಲ್ಲವಿ ಯಾವಾಗಲೂ ಮೊದಲ ಸಲದ್ದು, ಮುಂದೆ ಇನ್ನೇನೋ ಇದೆಯೆಂದು ಬಾಗಿಲು ತೆರೆದಿಡುವ ಸಲದ್ದು. ಆದ್ದರಿಂದ ಕೃತಿಯನ್ನು ಮೊದಲಿಂದ ನೆನೆಯುತ್ತ ಕೂರುವುದಕ್ಕಿಂತ ಧ್ವನಿಮುದ್ರಣದ ಚರಣದ ಭಾಗಕ್ಕೆ ಹೋಗಿ, ಅಲ್ಲಿಂದ ತೀರ್ಮಾನದವರೆಗೆ ಬೇರೆ ಕೆಲಸವಿಲ್ಲದೆ ಕೇಳಿ, ಆ ಕೊನೆಯ ಇಳಿತವನ್ನು ಒಂದೆರಡು ಸಲ ಬಾಯಿಬಿಟ್ಟು ಹಾಡಿಕೊಳ್ಳುವುದು ಮೇಲು. ಆಲಾಪನೆಯ ಗುಂಗು ಹಿಡಿದು ನರಳಿದವರು ಕಡಿಮೆ ಎಂಬುದೂ ಇಲ್ಲಿ ಯೋಚಿಸತಕ್ಕ ಮಾತು. ಅದರಲ್ಲಿ ಹಾಗೆಯೇ ಮರಳಿ ಬರುವ ಸಾಲಿಲ್ಲ, ರಾಗದ ಛಾಯೆ ಉಳಿದರೂ ಅದು ಕಾಟವಾಗುವುದಿಲ್ಲ.

ಚಲನಚಿತ್ರಗೀತೆಯ ವಿಷಯದಲ್ಲಿ ಈ ಚಿಕಿತ್ಸೆ ಅಷ್ಟು ಸರಳವಲ್ಲ. ಎಷ್ಟೋ ಧ್ವನಿಮುದ್ರಿಕೆಗಳಲ್ಲಿ ಪಲ್ಲವಿಯು ಪುನರಾವರ್ತಿಸುತ್ತಲೇ ಮೆಲ್ಲಗೆ ಸದ್ದು ಕುಗ್ಗಿ ಮಾಯವಾಗುವುದರಿಂದ ಅದಕ್ಕೆ ಕೊನೆಯೆಂಬುದೇ ಇರುವುದಿಲ್ಲ. ಮೊಬೈಲಿನ ಕಿರುವಿಡಿಯೊಗಳಂತೂ ಹಾಡಿನ ಅತಿ ಅಂಟಿನ ಅರ್ಧ ನಿಮಿಷವನ್ನಷ್ಟೇ ಕತ್ತರಿಸಿ, ಅದೂ ಮುಗಿದೊಡನೆ ತಾನಾಗಿ ಮತ್ತೆ ಆರಂಭವಾಗುವಂತೆ ಮಾಡಿ, ಗುಂಗಿನ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಿಬಿಟ್ಟಿವೆ. ಇಂಥ ಹಾಡು ಹಿಡಿದಾಗ ಕೊನೆಯನ್ನು ಹುಡುಕುವ ಬದಲು ಬಾಯಿಗೆ ಕೆಲಸ ಕೊಡುವುದು ವಾಸಿ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಫಿಲಿಪ್ ಬೀಮನ್ ಮತ್ತು ಸಂಗಡಿಗರು 2015ರಲ್ಲಿ ವರದಿಮಾಡಿದ ಪ್ರಯೋಗಗಳಲ್ಲಿ, ಅಂಟುವ ಹಾಡನ್ನು ಕೇಳಿದ ಬಳಿಕ ಚ್ಯೂಯಿಂಗ್ ಗಮ್ ಅಗಿಯುತ್ತಿದ್ದವರಿಗೆ, ಸುಮ್ಮನೆ ಕುಳಿತವರಿಗಿಂತ ಕಡಿಮೆ ಸಲ ಹಾಡು ನೆನಪಾಯಿತು. ಬೆರಳಿನಿಂದ ತಾಳ ತಟ್ಟುವುದು ಅಷ್ಟು ಉಪಯೋಗಕ್ಕೆ ಬರಲಿಲ್ಲ. ಒಳಗೊಳಗೆ ಉಚ್ಚರಿಸುವ ವ್ಯವಸ್ಥೆಗೆ ಮಾತಿನ ಅಂಗಗಳೇ ಆಧಾರವಾದ್ದರಿಂದ ದವಡೆ ಬೇರೆ ಕೆಲಸದಲ್ಲಿ ತೊಡಗಿದಾಗ ಅದಕ್ಕೆ ಅಡಚಣೆಯಾಗುತ್ತದೆಂಬುದು ಸಂಶೋಧಕರ ವಿವರಣೆ. ಗಮ್ ಸೇರದವರಿಗೆ ಒಂದು ಹಿಡಿ ಹುರಿಗಡಲೆ ಸಾಕಾಗಬಾರದೇಕೆ!

ಓದು ಬರಹದವರಿಗೆ ಪದಬಂಧ, ಸುಡೊಕುಗಳಿವೆ, ಆದರೆ ಅವುಗಳ ಹದ ತಪ್ಪಬಾರದು. ಅಮೆರಿಕದ ಐರಾ ಹೈಮನ್ 2013ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದಂತೆ, ತೀರಾ ಸುಲಭವಾದ ಕೆಲಸವು ಮನಸ್ಸಿನಲ್ಲಿ ಜಾಗ ಖಾಲಿ ಬಿಡುತ್ತದೆ, ತೀರಾ ಕಠಿಣವಾದದ್ದು ಮನಸ್ಸನ್ನು ದಣಿಸಿ ಅಲೆದಾಡಲು ಬಿಡುತ್ತದೆ; ಎರಡು ಸಂದರ್ಭಗಳಲ್ಲೂ ಹಾಡು ಮರಳುತ್ತದೆ.

ಒಂದು ಹಾಡನ್ನು ಇನ್ನೊಂದರಿಂದ ಹೊರದಬ್ಬುವ ಪರಿಪಾಠವೂ ಹಳೆಯದು. ಮೇಲೆ ಹೇಳಿದ ವಿಲಿಯಮ್ಸನ್ ಅವರ ಅಧ್ಯಯನದಲ್ಲಿ ಬ್ರಿಟನ್ನಿನವರು ಮದ್ದಿನ ಹಾಡೆಂದು ಹೆಸರಿಸಿದವುಗಳಲ್ಲಿ ಅವರ ರಾಷ್ಟ್ರಗೀತೆ ಮುಂದಿತ್ತು. ಇದರಲ್ಲಿ ದಕ್ಷಿಣ ಭಾರತದವರಿಗೂ ಒಂದು ಪಾಲಿದೆ: ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ ರಚಿಸಿದ, ಶಂಕರಾಭರಣದ ಸ್ವರಗಳಲ್ಲಿ ಗಮಕವಿಲ್ಲದೆ ಹಾಡುವ ನೊಟ್ಟುಸ್ವರಗಳೆಂಬ ಕಿರುರಚನೆಗಳಲ್ಲಿ ‘ಸಂತತಂ ಪಾಹಿಮಾಂ’ ಎಂಬುದರ ಧಾಟಿ ಇದೇ ಬ್ರಿಟಿಷ್ ರಾಷ್ಟ್ರಗೀತೆಯದು. ನಿಧಾನವಾಗಿ ನಡೆದು, ನಿರೀಕ್ಷಿಸಿದಲ್ಲೇ ಗಟ್ಟಿಯಾಗಿ ಮುಗಿಯುವ ಈ ಧಾಟಿಗೆ ಇನ್ನೊಂದು ಹಾಡನ್ನು ಹೊರಗೆ ಹಾಕುವ ಯೋಗ್ಯತೆಯಿದೆ. ತೊಂದರೆಯೆಂದರೆ ಬಂದ ಬಾಡಿಗೆದಾರನೇ ಮನೆಯಲ್ಲಿ ಉಳಿದುಬಿಡಬಹುದು. ಗುಂಗನ್ನು ಬೇರೆಯವರಿಗೆ ದಾಟಿಸಿ ಪಾರಾಗುವ ಉಪಾಯವಂತೂ ಸಜ್ಜನಿಕೆಯದಲ್ಲ. ಮಾರ್ಕ್ ಟ್ವೇನ್ 1876ರಲ್ಲಿ ಬರೆದ ಕಥೆಯೊಂದರಲ್ಲಿ, ಪತ್ರಿಕೆಯಲ್ಲಿ ಕಂಡ ಪ್ರಾಸಪದ್ಯವೊಂದಕ್ಕೆ ಸಿಕ್ಕಿಬಿದ್ದ ನಿರೂಪಕನು ಅದನ್ನು ತನ್ನ ಪಾದ್ರಿ ಗೆಳೆಯನಿಗೆ ಒಪ್ಪಿಸಿ ಹಗುರಾಗುತ್ತಾನೆ, ಹುಚ್ಚು ಹಿಡಿಯುವಂತಾದ ಗೆಳೆಯನನ್ನು ಕೊನೆಗೆ ವಿಶ್ವವಿದ್ಯಾಲಯವೊಂದಕ್ಕೆ ಕರೆದೊಯ್ದು ಅಲ್ಲಿನ ಬಡ ವಿದ್ಯಾರ್ಥಿಗಳ ತಲೆಗೆ ಅದನ್ನು ಇಳಿಸಲಾಗುತ್ತದೆ.

ರಾತ್ರಿಯ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಮಲಗುವ ಮುನ್ನ ಹಳೆಯ ಚಿತ್ರಗೀತೆಗಳನ್ನು ಕೊಳಲಿನಲ್ಲೋ ಗಿಟಾರಿನಲ್ಲೋ ನುಡಿಸಿದ ಧ್ವನಿಮುದ್ರಣ ಹಾಕಿಕೊಂಡರೆ, ಸಾಹಿತ್ಯವಿಲ್ಲದ್ದರಿಂದ ನಿದ್ದೆ ಚೆನ್ನಾಗಿ ಬರುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ವಿರುದ್ಧವಾದದ್ದನ್ನು ಹೇಳುತ್ತದೆ: ಜನಪ್ರಿಯ ಗೀತೆಗಳ ವಾದ್ಯರೂಪವನ್ನು ಕೇಳಿ ಮಲಗಿದವರಿಗೆ ಹಾಡಿನ ಮೂಲರೂಪ ಕೇಳಿದವರಿಗಿಂತ ಹೆಚ್ಚು ಗುಂಗು ಹಿಡಿಯಿತು, ನಿದ್ದೆಯ ಗುಣವೂ ಕೆಟ್ಟಿತು. ಪರಿಚಿತ ಹಾಡಿನಿಂದ ಮಾತನ್ನು ಕಿತ್ತರೆ ಆ ಮಾತನ್ನು ತುಂಬುವ ದುಡಿಮೆ ಮೆದುಳಿಗೆ ಬೀಳುತ್ತದೆಂದು ಇದನ್ನು ಅರ್ಥೈಸಬಹುದು. ಹಾಸಿಗೆಗೆ ಹೋದಮೇಲೂ ಸಂಗೀತ ಬೇಕೇಬೇಕೆನ್ನುವವರು ಗೊತ್ತಿರುವ ಹಾಡಿನ ಕೊಳಲನ್ನು ಬಿಟ್ಟು, ವಿಳಂಬವಾಗಿ ಸಾಗುವ ಆಲಾಪನೆಯೊಂದನ್ನು ಹಾಕಿಕೊಂಡು, ಕಣ್ಣು ಎಳೆಯುವ ಮೊದಲೇ ಅದನ್ನೂ ನಿಲ್ಲಿಸುವುದು ಒಳ್ಳೆಯದು.